ಚೀಟಿ ಎತ್ತದ ಸಮೀಕ್ಷೆಗೆ ಶೇ. 5ರ ಲೆಕ್ಕ ಏಕೆ?

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ವರ್ಷವರ್ಷವೂ ಸಿದ್ಧವಾಗುವ ಎಂ.ಕಾಂ., ಎಂ.ಬಿ.ಎ., ಎಂ.ಎಸ್.ಡಬ್ಲ್ಯೂ. ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಸಂಶೋಧನಾ ವಿಧಾನದ ಅಧ್ಯಾಯವನ್ನಷ್ಟೇ ತೆರೆದು ನೋಡಿದರೆ, ವಿಷಯ ಸ್ತ್ರೀಶಕ್ತಿ ಸಂಘಗಳದ್ದಾಗಿರಲಿ, ಅಡಿಕೆ ಬೆಳೆಗಾರರ ಸಾಲದ್ದಾಗಿರಲಿ, ಮೊಬೈಲ್ ಬ್ಯಾಂಕಿಂಗಿನದ್ದಾಗಿರಲಿ, ಎರಡು ಅಂಕಿಗಳು ಹೆಚ್ಚುಕಡಿಮೆ ತಪ್ಪದೆ ಎದುರಾಗುತ್ತವೆ. ಒಂದು 384, ಇನ್ನೊಂದು 0.05. ಎಷ್ಟು ಜನರನ್ನು ಕೇಳಬೇಕು ಎಂಬುದನ್ನು ಮೊದಲನೆಯದು ಹೇಳುತ್ತದೆ. ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದನ್ನು ಎರಡನೆಯದು ಹೇಳಬೇಕು. ಇವೆರಡರ ನಡುವೆ ಇರಬೇಕಾದ ಸಂಗತಿ, ಅಂದರೆ ಆ 384 ಮಂದಿ ಯಾರು, ಅವರನ್ನು ಆರಿಸಿದ ಕೈ ಯಾವುದು ಎಂಬುದು, ‘ಅನುಕೂಲ ಮಾದರಿ ವಿಧಾನವನ್ನು ಅನುಸರಿಸಲಾಗಿದೆ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಅನುಕೂಲ ಯಾರದು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಇದು ಕಾಲೇಜಿನ ಗೋಡೆಯೊಳಗಿನ ಮಾತಷ್ಟೇ ಆಗಿದ್ದರೆ ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಸಮೀಕ್ಷೆ ಈಗ ಎಲ್ಲರ ಮನೆಬಾಗಿಲಿಗೆ ಬಂದಿದೆ. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಶಾಲಾ ಶಿಕ್ಷಕರು 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹಿಡಿದು ಬೀದಿಬೀದಿ ಸುತ್ತಿದರು. 2011ರ ನಂತರದ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ಬೆಳೆ ವಿಮೆಯ ಹಣ ಬೆಳೆ ಕಟಾವು ಪ್ರಯೋಗ ಎಂಬ ಮಾದರಿ ಸಮೀಕ್ಷೆಯ ಮೇಲೆ ನಿಂತಿದೆ. ಚುನಾವಣೆ ಸಮೀಪಿಸಿದರಂತೂ ಯಾರ ಸಮೀಕ್ಷೆ, ಎಷ್ಟು ಜನರನ್ನು ಕೇಳಿದ್ದು ಎಂಬ ವಿವರವೇ ಇಲ್ಲದ ಅಂಕಿಗಳು ಹೋಟೆಲಿನ ಮೇಜಿನಿಂದ ಮೇಜಿಗೆ ಓಡಾಡುತ್ತವೆ.

384 ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಒಂದು ಪ್ರಶ್ನೆಗೆ ಹೌದು ಎನ್ನುವವರು ಅರ್ಧ, ಇಲ್ಲ ಎನ್ನುವವರು ಅರ್ಧ ಇದ್ದಾರೆಂದು ಇಟ್ಟುಕೊಳ್ಳುವುದು ಅಂದಾಜು ಮಾಡುವವನಿಗೆ ಅತಿ ಕಷ್ಟದ ಸ್ಥಿತಿ. ಆ ಸ್ಥಿತಿಯಲ್ಲೂ ಇದೇ ಸಮೀಕ್ಷೆಯನ್ನು ನೂರು ಸಲ ಮಾಡಿದರೆ ಸುಮಾರು 95 ಸಲ ನಮ್ಮ ಅಂದಾಜು ನಿಜವಾದ ಪ್ರಮಾಣದಿಂದ ಶೇ. 5ರೊಳಗೇ ಇರಬೇಕೆಂದು ಬಯಸಿದರೆ, ಆ 95ಕ್ಕೆ ತಕ್ಕ ಗುಣಕವಾದ 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಬೇಕು. ಬರುವ ಉತ್ತರ 384. ಕ್ರೆಜ್‌ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಇದನ್ನು ಒಂದು ಪುಟದ ಕೋಷ್ಟಕವಾಗಿ ಪ್ರಕಟಿಸಿದ ಮೇಲೆ ಸೂತ್ರ ಹಾಕುವ ಕಷ್ಟವೂ ತಪ್ಪಿತು. ಆ ಕೋಷ್ಟಕದಲ್ಲಿ ಗಮನಿಸಬೇಕಾದದ್ದು ಒಂದಿದೆ: 10 ಸಾವಿರ ಜನರಿರುವ ಕಡೆ 370 ಮಂದಿ ಸಾಕು, 10 ಲಕ್ಷ ಜನರಿರುವ ಕಡೆ 384 ಸಾಕು. ಒಂದು ಹೋಬಳಿಗೂ ಒಂದು ಜಿಲ್ಲೆಗೂ ಹೆಚ್ಚುಕಡಿಮೆ ಒಂದೇ ಗಾತ್ರ. ‘ಇಷ್ಟು ದೊಡ್ಡ ಜಿಲ್ಲೆಗೆ ನಾನೂರು ಜನ ಯಾವ ಲೆಕ್ಕ’ ಎಂದು ಆಕ್ಷೇಪಿಸುವವರು ಎಡವುವುದು ಇಲ್ಲೇ. ಕೋಷ್ಟಕ ನೋಡಿ 384 ಬರೆದು ನೆಮ್ಮದಿಯಾಗುವವರು ಎಡವುವುದು ಇನ್ನೊಂದು ಕಡೆ.

ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497 ಎಂದು 2011ರ ಗಣತಿಯಿಂದ ಎತ್ತಿ ಬರೆಯುವ ವಿದ್ಯಾರ್ಥಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆ ಅಂಕಿಯಲ್ಲಿ ಹರಪನಹಳ್ಳಿ ತಾಲ್ಲೂಕು ಸೇರಿದೆ. 2018ರಲ್ಲಿ ಅದು ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಂದಿಡೀ ತಾಲ್ಲೂಕು ಹೆಚ್ಚಾಗಿ ಲೆಕ್ಕಕ್ಕೆ ಬಂದರೂ ಮಾದರಿಯ ಗಾತ್ರ ಕದಲುವುದಿಲ್ಲ, ಹಾಗಾಗಿ ಮಾರ್ಗದರ್ಶಕರ ಕಣ್ಣಿಗೂ ಅದು ಬೀಳುವುದಿಲ್ಲ. ಆದರೆ ಊರುಗಳ ಪಟ್ಟಿಯನ್ನೂ ಅದೇ ಗಣತಿಯಿಂದ ತೆಗೆದರೆ ಮಾತು ಬೇರೆ. ಜಿಲ್ಲೆಯಲ್ಲೇ ಇಲ್ಲದ ಊರು ಆಯ್ಕೆಯಾಗುತ್ತದೆ. 2011ರ ನಂತರ ದಾವಣಗೆರೆಯ ಸುತ್ತ ಎದ್ದ ಬಡಾವಣೆಗಳಿಗೆ ಆಯ್ಕೆಯಾಗುವ ಅವಕಾಶವೇ ಇರುವುದಿಲ್ಲ. ಯಾವ ಪಟ್ಟಿಯಿಂದ ಆರಿಸುತ್ತೇವೋ ಅದನ್ನು ಮಾದರಿ ಚೌಕಟ್ಟು ಎನ್ನುತ್ತಾರೆ. ಜನರ ಸಂಖ್ಯೆ ತಪ್ಪಿದರೆ ಸಮೀಕ್ಷೆ ಉಳಿಯುತ್ತದೆ, ಪಟ್ಟಿ ತಪ್ಪಿದರೆ ಉಳಿಯುವುದಿಲ್ಲ.

ಈಗಿನ ರೂಢಿಯಲ್ಲಿ ಪಟ್ಟಿಯೇ ಇರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸಮಸ್ಯೆ. ಗೂಗಲ್ ಫಾರ್ಮ್ ಸಿದ್ಧಪಡಿಸಿ ಅದರ ಕೊಂಡಿಯನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿ, ‘ಫ್ರೆಂಡ್ಸ್, ದಯವಿಟ್ಟು ಎರಡು ನಿಮಿಷ’ ಎಂದು ಕೇಳಿಕೊಂಡರೆ ಸಂಜೆಯೊಳಗೆ ಇನ್ನೂರು ಉತ್ತರ ಬರುತ್ತವೆ. ಉತ್ತರಿಸಿದವರು ಬಹುತೇಕ ಆ ವಿದ್ಯಾರ್ಥಿಯ ವಯಸ್ಸಿನವರು, ಅವನಷ್ಟೇ ಓದಿದವರು, ಒಂದೇ ಕಾಲೇಜಿನ ಪರಿಚಯದವರು. ಬೆಳಗಿನ ಜಾವಕ್ಕೇ ಮಂಡಕ್ಕಿ ಭಟ್ಟಿಗೆ ಹೋಗುವ ಹೆಂಗಸು ಆ ಗುಂಪಿನಲ್ಲಿಲ್ಲ. ಮಗನ ಫೋನನ್ನು ಸಂಜೆಗೊಮ್ಮೆ ಹಿಡಿಯುವ ಜಗಳೂರಿನ ರೈತನೂ ಇಲ್ಲ. ಇನ್ನೂರನ್ನು ಎರಡು ಸಾವಿರ ಮಾಡಿದರೂ ಅವರು ಬರುವುದಿಲ್ಲ. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 1936ರಲ್ಲಿ ಸುಮಾರು ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷೀಯ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಟೆಲಿಫೋನು, ಕಾರು ಇದ್ದವರ ಪಟ್ಟಿಗಳನ್ನು ಹೆಚ್ಚಾಗಿ ನೆಚ್ಚಿದ್ದು ಒಂದು ತಪ್ಪು, ಉತ್ತರಿಸುವ ಉತ್ಸಾಹ ಇದ್ದವರಷ್ಟೇ ಉತ್ತರಿಸಿದ್ದು ಇನ್ನೊಂದು. ನಮ್ಮ ಗೂಗಲ್ ಫಾರ್ಮಿನಲ್ಲಿ ಈ ಎರಡೂ ತಪ್ಪುಗಳು ಒಟ್ಟಿಗೇ ಇವೆ.

384ರ ಸೂತ್ರ ಒಂದು ಷರತ್ತಿನ ಮೇಲೆ ನಿಂತಿದೆ: ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಅದು ಎಷ್ಟೆಂದು ಮೊದಲೇ ಗೊತ್ತಿರಬೇಕು, ಆಯ್ಕೆ ಯಾರ ಇಷ್ಟಾನಿಷ್ಟಕ್ಕೂ ಸಿಗಬಾರದು. ಪಠ್ಯಪುಸ್ತಕಗಳು ಇದನ್ನು ಯಾದೃಚ್ಛಿಕ ಆಯ್ಕೆ ಎನ್ನುತ್ತವೆ. ಊರಿನವರು ಇದಕ್ಕೆ ಚೀಟಿ ಎತ್ತುವುದು ಎನ್ನುತ್ತಾರೆ, ಅದೇ ಹೆಚ್ಚು ಸರಿಯಾದ ಮಾತು. ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದಾಗ ಚೀಟಿ ಎತ್ತುವುದನ್ನು ಯಾರೂ ಬೇಕಾಬಿಟ್ಟಿ ಕೆಲಸ ಎನ್ನುವುದಿಲ್ಲ. ಯಾರ ಕೈವಾಡವೂ ಇರಬಾರದೆಂದೇ ಚೀಟಿ ಎತ್ತುತ್ತಾರೆ. ಬಸ್ ನಿಲ್ದಾಣದಲ್ಲಿ ಸಿಕ್ಕಸಿಕ್ಕವರನ್ನು ಕೇಳಿ ‘ಯಾದೃಚ್ಛಿಕವಾಗಿ ಆರಿಸಲಾಯಿತು’ ಎಂದು ಬರೆಯುವವರು ಈ ವ್ಯತ್ಯಾಸವನ್ನೇ ಮರೆತಿರುತ್ತಾರೆ. ಮುಖ ನೋಡಿ, ಇವರು ಉತ್ತರಿಸಿಯಾರು ಎಂದುಕೊಂಡು ಹತ್ತಿರ ಹೋಗುವುದರಲ್ಲಿ ಚೀಟಿಯ ಗುಣ ಒಂದಿಷ್ಟೂ ಇಲ್ಲ.

ಚೀಟಿ ಎತ್ತುವುದು ಹೊಲದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಬೆಳೆ ಕಟಾವು ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತ ಇಲ್ಲ. ಇದರ ಬೇರು ಭಾರತದ್ದೇ. 1920ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾದಲ್ಲಿ ಭತ್ತದ ಇಳುವರಿಯನ್ನು ಯಾದೃಚ್ಛಿಕ ತುಂಡುಗಳಿಂದ ಅಂದಾಜು ಮಾಡಲು ಹಬ್ಬಾಕ್ ಎಂಬ ಅಧಿಕಾರಿ ಮುಂದಾದರು; 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಇದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು, ಪಿ.ವಿ. ಸುಖಾತ್ಮೆ ಇಂದು ಬಳಕೆಯಲ್ಲಿರುವ ದೊಡ್ಡ ತುಂಡಿನ ಪದ್ಧತಿಯ ಪರವಾಗಿ ವಾದಿಸಿದರು. ತುಂಡು ತೀರಾ ಚಿಕ್ಕದಾದರೆ ಅಂಚಿನ ಮೇಲೆ ಬರುವ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವ ಚಪಲ ಕೊಯ್ಯುವವರಿಗೆ ಇದ್ದೇ ಇರುತ್ತದೆ, ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ಸುಖಾತ್ಮೆಯವರು ತೋರಿಸಿದ ಸಂಗತಿ. ಅಂಚಿನ ಒಂದೊಂದು ಗಿಡದ ಜಗಳ ಕೊನೆಗೆ ಸಂಖ್ಯಾಶಾಸ್ತ್ರದ ಪ್ರಶ್ನೆಯಾಯಿತು.

ಚಳ್ಳಕೆರೆ ಕಡೆಯ ಒಂದು ಶೇಂಗಾ ಹೊಲವನ್ನು ಕಲ್ಪಿಸಿಕೊಳ್ಳಿ. ಯಾವ ಸರ್ವೆ ನಂಬರ್ ಎಂಬುದು ಮೊದಲೇ ಚೀಟಿಯ ಕ್ರಮದಲ್ಲಿ ಗೊತ್ತಾಗಿರುತ್ತದೆ. ಸಿಬ್ಬಂದಿ ಹೊಲದ ನೈಋತ್ಯ ಮೂಲೆಗೆ ಹೋಗಿ ನಿಂತು, ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಯಾದೃಚ್ಛಿಕ ಸಂಖ್ಯೆ ಹೇಳಿದಷ್ಟೇ ನಡೆದು, ಅಲ್ಲಿ ಗೂಟ ಬಡಿದು, ಹಗ್ಗ ಎಳೆದು 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಮಾಡುತ್ತಾರೆ. ಅದರೊಳಗಿನ ಗಿಡಗಳನ್ನಷ್ಟೇ ಕಿತ್ತು, ಕಾಯಿ ಬಿಡಿಸಿ, ತೂಗಿ ಬರೆದುಕೊಳ್ಳುತ್ತಾರೆ. ಆ ಹೆಜ್ಜೆಗಳು ಕರೆದುಕೊಂಡು ಹೋಗಿ ನಿಲ್ಲಿಸಿದ ಜಾಗದಲ್ಲಿ ಬೆಳೆ ಒಣಗಿ ನೆಲ ಕಾಣುತ್ತಿದ್ದರೆ ‘ಇಲ್ಲಿ ಬೇಡ, ಆ ಕಡೆ ಹೋಗೋಣ’ ಎನ್ನುವ ಮನಸ್ಸು ಒಬ್ಬರಿಗೆ. ಹುಲುಸಾಗಿದ್ದರೆ ‘ಆ ಮೂಲೆ ನೋಡ್ರಿ ಸಾಹೇಬ್ರ, ಅಲ್ಲೇನೂ ಇಲ್ಲ’ ಎನ್ನುವ ಮನಸ್ಸು ಇನ್ನೊಬ್ಬರಿಗೆ. ಹೆಜ್ಜೆಯ ಲೆಕ್ಕ ಇರುವುದು ಇಬ್ಬರ ಮಾತನ್ನೂ ಕೇಳದಿರಲು.

ಹಾಗೆಂದು ಚೀಟಿ ಎತ್ತಿದ ಮಾತ್ರಕ್ಕೆ ಅಂದಾಜು ಬಿಗಿಯಾಗುತ್ತದೆ ಎಂದಲ್ಲ. ಗ್ರಾಮ ಪಂಚಾಯಿತಿಯೇ ವಿಮಾ ಘಟಕವಾಗಿರುವ ಮುಖ್ಯ ಬೆಳೆಗೆ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿ ಕೇಳುವುದು ಕನಿಷ್ಠ 4 ಪ್ರಯೋಗಗಳನ್ನು. ಒಂದೊಂದು ಚೌಕ 25 ಚದರ ಮೀಟರ್, ನಾಲ್ಕೂ ಸೇರಿದರೆ 100 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಇಡೀ ಪಂಚಾಯಿತಿಯ ಬೆಳೆಯ ಭವಿಷ್ಯ ಒಂದು ಗುಂಟೆಯಲ್ಲಿದೆ. ಮಳೆಯಾಶ್ರಿತ ಹೊಲಗಳಲ್ಲಿ ತುಂಡಿನಿಂದ ತುಂಡಿಗೆ ಇಳುವರಿ ಸರಾಸರಿಯ ಶೇ. 40ರಷ್ಟು ಏರುಪೇರಾಗುತ್ತದೆ ಎಂದು ಇಟ್ಟುಕೊಂಡರೆ, ನಾಲ್ಕರ ಸರಾಸರಿಯ ಮಾನಕ ದೋಷ, ಅಂದರೆ ಆ ಸರಾಸರಿಯಲ್ಲಿ ಆಕಸ್ಮಿಕವಾಗಿ ಬರುವ ಏರುಪೇರಿನ ಅಳತೆ, ಅದರ ಅರ್ಧ, ಶೇ. 20. ನೂರಕ್ಕೆ 95 ಸಲದ ಆಚೀಚೆ ಎಷ್ಟೆಂದು ತಿಳಿಯಲು ದೊಡ್ಡ ಮಾದರಿಯಲ್ಲಾದರೆ ಅದನ್ನು 1.96ರಿಂದ ಗುಣಿಸಿದರೆ ಸಾಕಿತ್ತು. ನಾಲ್ಕೇ ತುಂಡುಗಳಿಂದ ಏರುಪೇರನ್ನೂ ಅಳೆಯಬೇಕಾದಾಗ 3.18ರಿಂದ ಗುಣಿಸಬೇಕು. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟಿಸಿದ ಟಿ-ಪರೀಕ್ಷೆಯ ಸಾರ ಇದು: ಸಣ್ಣ ಮಾದರಿಯವನು ತನ್ನ ಅನುಮಾನದ ಬಗ್ಗೆಯೂ ಅನುಮಾನ ಇಟ್ಟುಕೊಳ್ಳಬೇಕು. ಲೆಕ್ಕ ಹಾಕಿದರೆ ಅಂದಾಜಿನ ಆಚೀಚೆ ಶೇ. 64ರವರೆಗೆ ಹೋಗಬಹುದು. ಕಳೆದ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಆಧರಿಸಿದ, ಅದಕ್ಕಿಂತ ಕಡಿಮೆಯಾದರೆ ಪರಿಹಾರ ಸಿಗುವ ಹೊಸ್ತಿಲು ಇಳುವರಿಯೊಡನೆ ಈ ನಾಲ್ಕು ತುಂಡುಗಳ ಸರಾಸರಿಯನ್ನು ನೇರವಾಗಿ ಹೋಲಿಸಿ ಪರಿಹಾರ ನಿರ್ಧರಿಸುತ್ತಾರೆ. ಈ ‘ಆಚೀಚೆ’ ಎಷ್ಟೆಂದು ರೈತನಿಗಾಗಲಿ ಕಂಪನಿಗಾಗಲಿ ಯಾರೂ ಹೇಳುವುದಿಲ್ಲ. ಪಕ್ಕದ ಪಂಚಾಯಿತಿಗೆ ಪರಿಹಾರ ಬಂತು, ನಮಗೆ ಬರಲಿಲ್ಲ ಎಂಬ ತಕರಾರಿನಲ್ಲಿ ಒಂದು ಪಾಲು ಮೋಸದ ಅನುಮಾನ. ಆದರೆ ಯಾರೂ ಮೋಸ ಮಾಡದಿದ್ದರೂ ನಾಲ್ಕೇ ತುಂಡುಗಳ ಲೆಕ್ಕದಲ್ಲಿ ಇಂಥ ವ್ಯತ್ಯಾಸ ಬಂದೇ ಬರುತ್ತದೆ.

ಇಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ನಾಲ್ಕು ತುಂಡುಗಳ ತಪ್ಪು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತದೆ. ನಲವತ್ತು ಮಾಡಿದರೆ ಕಡಿಮೆಯಾಗುತ್ತದೆ. ಎಷ್ಟಿದೆ ಎಂದು ಅದೇ ಮಾದರಿಯಿಂದ ಅಳೆಯಬಹುದು. ಮುಖ ನೋಡಿ ಆರಿಸಿದ ಮಾದರಿಯ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ; ಸಂಖ್ಯೆ ಹೆಚ್ಚಿಸಿದರೆ ಅದು ಇನ್ನಷ್ಟು ಖಚಿತವಾದ ತಪ್ಪಾಗುತ್ತದೆ; ಅದನ್ನು ಒಳಗಿನಿಂದ ಅಳೆಯುವ ಉಪಾಯವಿಲ್ಲ. ಶೇ. 5ರ ಲೆಕ್ಕವೆಲ್ಲ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು.

ಚೀಟಿಯನ್ನು ಹೇಗೆ ಎತ್ತಬೇಕೆಂಬುದರಲ್ಲೂ ಜಾಣತನಕ್ಕೆ ಅವಕಾಶವಿದೆ. ದಾವಣಗೆರೆ ಜಿಲ್ಲೆಯಲ್ಲಿ ಕೃಷಿ ಆದಾಯದ ಸಮೀಕ್ಷೆ ಮಾಡುವವರು ಎಲ್ಲ ರೈತರ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಬಹುದು. ಆದರೆ ಭದ್ರಾ ಅಚ್ಚುಕಟ್ಟಿನ ಭತ್ತದವರು, ಚನ್ನಗಿರಿಯ ಅಡಿಕೆಯವರು, ಜಗಳೂರಿನ ಮಳೆ ನೆಚ್ಚಿದ ಮೆಕ್ಕೆಜೋಳದವರು ಒಂದೇ ಡಬ್ಬಿಯ ಜನ ಅಲ್ಲ. ಇವರಿಗೆ ಬೇರೆಬೇರೆ ಡಬ್ಬಿ ಇಟ್ಟು ಪ್ರತಿಯೊಂದರಿಂದಲೂ ಚೀಟಿ ಎತ್ತುವುದು ಸ್ತರೀಕೃತ ಮಾದರಿ. ಒಂದು ಸ್ತರದೊಳಗೆ ಜನರ ಸ್ಥಿತಿ ಹೆಚ್ಚು ಏರುಪೇರಾಗಿದ್ದರೆ ಅಲ್ಲಿಂದ ಹೆಚ್ಚು ಚೀಟಿ ಎತ್ತಬೇಕು ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ನೇಮನ್ 1934ರಲ್ಲೇ ಸಾಧಿಸಿ ತೋರಿಸಿದರು. ಆರು ತಾಲ್ಲೂಕುಗಳಿಂದ ತಲಾ ನೂರು ಎಂದು ಹಂಚಿ, ಕೊನೆಗೆ ಆರುನೂರನ್ನೂ ಒಟ್ಟು ಸೇರಿಸಿ ಸರಾಸರಿ ತೆಗೆಯುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಮಾಡಿದಾಗ ಸಣ್ಣ ನ್ಯಾಮತಿಗೂ ಮಹಾನಗರ ಪಾಲಿಕೆ ಇರುವ ದಾವಣಗೆರೆಗೂ ಸಮ ತೂಕ ಬರುತ್ತದೆ. ತಲಾ ನೂರು ಆರಿಸುವುದು ತಪ್ಪಲ್ಲ, ಆಮೇಲೆ ಜನಸಂಖ್ಯೆಗೆ ತಕ್ಕ ತೂಕ ಕೊಡದಿರುವುದು ತಪ್ಪು.

ಗುಚ್ಛ ಮಾದರಿಯ ಕಥೆ ಇದಕ್ಕೆ ಉಲ್ಟಾ. ಇಡೀ ಜಿಲ್ಲೆಯ ಮನೆಗಳ ಪಟ್ಟಿ ಯಾರ ಬಳಿಯೂ ಇರುವುದಿಲ್ಲವಾದ್ದರಿಂದ ಮೊದಲು ಊರುಗಳನ್ನು, ಆಮೇಲೆ ಆ ಊರುಗಳೊಳಗೆ ಮನೆಗಳನ್ನು ಆರಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೀಗೆಯೇ ಊರುಗಳನ್ನು ಅವುಗಳ ಗಾತ್ರಕ್ಕೆ ತಕ್ಕ ಅವಕಾಶ ಕೊಟ್ಟು ಆರಿಸಿ, ಒಂದೊಂದು ಗುಚ್ಛದಲ್ಲಿ 22 ಮನೆಗಳನ್ನು ನಿಗದಿತ ಅಂತರದಲ್ಲಿ ಎಣಿಸಿ ತೆಗೆದುಕೊಂಡಿತು. ಓಡಾಟದ ಖರ್ಚು ಉಳಿಯುತ್ತದೆ. ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ದಾವಣಗೆರೆಯವರು ಎಲ್ಲದಕ್ಕೂ ದೋಸೆಯನ್ನೇ ಎಳೆದು ತರುತ್ತಾರೆಂಬ ದೂರನ್ನು ಒಪ್ಪಿಕೊಂಡೇ, ಒಂದು ಊಹೆಯನ್ನು ಅಂಕಿಗಳಿಂದ ಒರೆಗೆ ಹಚ್ಚುವ ಪ್ರಾಕ್ಕಲ್ಪನಾ ಪರೀಕ್ಷೆಗೆ ಅದನ್ನೇ ಉದಾಹರಣೆಯಾಗಿ ತರುತ್ತೇನೆ. ಕಾವಲಿಯ ಮೇಲೆ ಹಾಕಿದ್ದು ಬೆಣ್ಣೆಯೋ ಡಾಲ್ಡಾವೋ ಎಂದು ತಿಂದೇ ಹೇಳುತ್ತೇನೆ ಎಂದು ಒಬ್ಬರು ಪಂಥ ಕಟ್ಟುತ್ತಾರೆ. ಎಂಟು ದೋಸೆ ಹಾಕಿಸಿ, ನಾಲ್ಕಕ್ಕೆ ಬೆಣ್ಣೆ, ನಾಲ್ಕಕ್ಕೆ ಡಾಲ್ಡಾ ಬಳಿದು, ಚೀಟಿ ಎತ್ತಿದ ಕ್ರಮದಲ್ಲಿ ಮುಂದಿಡುತ್ತೇವೆ. ಬೆಣ್ಣೆಯವು ಯಾವ ನಾಲ್ಕು ಎಂದು ಅವರು ಹೇಳಬೇಕು. ಅವರಿಗೆ ಏನೂ ಗೊತ್ತಾಗುವುದಿಲ್ಲ, ಬರೀ ಊಹೆ ಎಂದು ಮೊದಲು ಇಟ್ಟುಕೊಳ್ಳುತ್ತೇವೆ. ಇದು ಶೂನ್ಯ ಪ್ರಾಕ್ಕಲ್ಪನೆ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರೀ ಊಹೆಯಲ್ಲಿ ನಾಲ್ಕೂ ಸರಿಯಾಗುವುದು 70ರಲ್ಲಿ ಒಮ್ಮೆ, ಶೇ. 1.4. ಅದು ರೂಢಿಯ ಗೆರೆಯಾದ ಶೇ. 5ಕ್ಕಿಂತ (ಆರಂಭದಲ್ಲಿ ಕಂಡ 0.05 ಇದೇ) ಕಡಿಮೆ, ಆದ್ದರಿಂದ ನಾಲ್ಕೂ ಸರಿಯಾಗಿ ಹೇಳಿದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡುತ್ತೇವೆ. ಮೂರು ಸರಿ, ಒಂದು ತಪ್ಪಾದರೆ? ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಬಗೆಗಳು 17, ಅಂದರೆ ಶೇ. 24, ಊಹೆಯವನಿಗೂ ನಾಲ್ಕು ಸಲಕ್ಕೊಮ್ಮೆ ಸಿಗುವ ಭಾಗ್ಯ. ಪಂಥ ಸಾಬೀತಾಗಲಿಲ್ಲ. ರೊನಾಲ್ಡ್ ಫಿಷರ್ 1935ರಲ್ಲಿ ಎಂಟು ಕಪ್ ಚಹಾ ಇಟ್ಟು ವಿವರಿಸಿದ್ದು ಇದನ್ನೇ. ಈ 1.4ಕ್ಕೆ ಅರ್ಥ ಬರುವುದು ದೋಸೆಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿದ್ದರಿಂದ. ಭಟ್ಟರೇ ತಮಗೆ ತೋಚಿದ ಕ್ರಮದಲ್ಲಿ ಕೊಟ್ಟಿದ್ದರೆ 70ರ ಲೆಕ್ಕವನ್ನು ಹಾಕಲಿಕ್ಕೇ ಬರುತ್ತಿರಲಿಲ್ಲ.

ಪ್ರಾಕ್ಕಲ್ಪನಾ ಪರೀಕ್ಷೆಯ ಮೂರು ಮುಖ್ಯ ಮಾರ್ಗಗಳಲ್ಲೊಂದನ್ನು 1948ರಲ್ಲಿ ಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹರಪನಹಳ್ಳಿಯ ಆಚೆಗಿನ ಹೂವಿನಹಡಗಲಿಯಲ್ಲಿ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 102 ವರ್ಷ ಬದುಕಿ 2023ರಲ್ಲಿ ತೀರಿಕೊಂಡ ಅವರ ಹೆಸರು ಪ್ರಪಂಚದ ಸಂಖ್ಯಾಶಾಸ್ತ್ರ ಪಠ್ಯಗಳಲ್ಲೆಲ್ಲ ಇದೆ, ನಮ್ಮ ಪ್ರಬಂಧಗಳಲ್ಲಿ ಕಾಣುವುದು ಅಪರೂಪ.

ಈಗ ಗುಚ್ಛದ ಬೆಲೆಯ ಲೆಕ್ಕ. ಅಂಕಿಗಳು ಕಲ್ಪಿತ, ಪ್ರಶ್ನೆ ನಿಜವಾದದ್ದು. ಜಗಳೂರು ಮತ್ತು ಹರಿಹರ ತಾಲ್ಲೂಕುಗಳಲ್ಲಿ ತಲಾ 200 ಮನೆಗಳನ್ನು, ‘ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರು ತರುತ್ತೀರಾ’ ಎಂದು ಕೇಳಿದಾಗ ಒಂದು ಕಡೆ 120, ಇನ್ನೊಂದು ಕಡೆ 100 ಮನೆಗಳು ಹೌದು ಎಂದವು ಎಂದಿಟ್ಟುಕೊಳ್ಳಿ. ಶೇ. 60 ಮತ್ತು ಶೇ. 50, ಅಂತರ 10. ಎರಡು ತಾಲ್ಲೂಕುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂಬುದು ಶೂನ್ಯ ಪ್ರಾಕ್ಕಲ್ಪನೆ. ಒಟ್ಟು ಪ್ರಮಾಣ ಶೇ. 55 ಎಂದು ಹಿಡಿದರೆ ಅಂತರದ ಮಾನಕ ದೋಷ ಸುಮಾರು 5; ಹತ್ತನ್ನು ಅದರಿಂದ ಭಾಗಿಸಿದರೆ 2.01, ಪಿ-ಮೌಲ್ಯ, ಅಂದರೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಹೆಚ್ಚಿನ ಅಂತರ ಕಾಣುವ ಸಾಧ್ಯತೆ, 0.044. ಶೇ. 5ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದೆ. ‘ಗಮನಾರ್ಹ ವ್ಯತ್ಯಾಸ ಕಂಡುಬಂದಿದೆ’ ಎಂದು ಬರೆಯಲು ಇಷ್ಟು ಸಾಕೆಂದು ತೋರುತ್ತದೆ.

ಆದರೆ ಆ 200 ಮನೆಗಳನ್ನು ಆರಿಸಿದ್ದು ಹತ್ತು ಊರುಗಳಿಂದ, ಒಂದೊಂದರಲ್ಲಿ 20ರಂತೆ. ನೀರಿನ ಘಟಕ ಊರಲ್ಲಿ ನಡೆಯುತ್ತಿದ್ದರೆ ಬಹುತೇಕ ಮನೆಗಳ ಉತ್ತರ ಹೌದು, ಕೆಟ್ಟು ನಿಂತಿದ್ದರೆ ಬಹುತೇಕ ಇಲ್ಲ. ಒಂದೇ ಊರಿನ ಇಪ್ಪತ್ತು ಮನೆಗಳನ್ನು ಕೇಳುವುದೆಂದರೆ ಬಹುಮಟ್ಟಿಗೆ ಒಂದೇ ಉತ್ತರವನ್ನು ಇಪ್ಪತ್ತು ಸಲ ಬರೆದುಕೊಳ್ಳುವುದು. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಇದನ್ನು ಅಳೆಯುವ ಸರಳ ಸೂತ್ರವನ್ನು ಪ್ರಚಾರಕ್ಕೆ ತಂದರು: ಒಂದು ಗುಚ್ಛದ ಮನೆಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು, ಊರೊಳಗಿನ ಉತ್ತರಗಳ ಹೋಲಿಕೆಯ ಪ್ರಮಾಣದಿಂದ (ಹೋಲಿಕೆಯೇ ಇಲ್ಲದಿದ್ದರೆ 0, ಎಲ್ಲವೂ ಒಂದೇ ಆದರೆ 1) ಗುಣಿಸಿ, ಒಂದನ್ನು ಕೂಡಿಸಬೇಕು. ಹೋಲಿಕೆ ಬರೀ 0.05 ಇದ್ದರೂ ಉತ್ತರ 1.95, ಅಂದರೆ 200 ಮನೆಗಳು ಸುಮಾರು 100 ಮನೆಗಳಷ್ಟೇ ಮಾಹಿತಿ ಕೊಡುತ್ತವೆ. ಪಿ-ಮೌಲ್ಯ 0.15ಕ್ಕೆ ಏರುತ್ತದೆ. ನೀರಿನಂಥ ವಿಷಯದಲ್ಲಿ ಹೋಲಿಕೆ 0.2 ಇರಬಹುದೆಂದು ಹಿಡಿದರೆ 200 ಮನೆಗಳು 42ಕ್ಕೆ ಇಳಿಯುತ್ತವೆ, ಪಿ-ಮೌಲ್ಯ 0.36 ಆಗುತ್ತದೆ. ಮನೆಗಳು ಅವೇ, ಉತ್ತರಗಳು ಅವೇ, ‘ಗಮನಾರ್ಹ ವ್ಯತ್ಯಾಸ’ ಮಾತ್ರ ಮಾಯ. ಕಂಪ್ಯೂಟರಿನಲ್ಲಿ ಇಂಥ ಪ್ರಮಾಣಗಳನ್ನು ಹೋಲಿಸುವ ಕೈ-ವರ್ಗ (chi-square) ಪರೀಕ್ಷೆಯ ಗುಂಡಿ ಒತ್ತಿದಾಗ ಅದಕ್ಕೆ ಊರುಗಳ ವಿಷಯ ತಿಳಿಯದು. ನಾವು ಹೇಳದಿದ್ದರೆ ಅದು 0.044 ಎಂದೇ ಹೇಳುತ್ತದೆ. ಇಂಥ ಪ್ರಶ್ನೆಗೆ 10 ಊರುಗಳಲ್ಲಿ 20 ಮನೆ ಕೇಳುವುದಕ್ಕಿಂತ 40 ಊರುಗಳಲ್ಲಿ ಐದೈದು ಮನೆ ಕೇಳುವುದು ಎಷ್ಟೋ ಮೇಲು. ಪೆಟ್ರೋಲು ಹೆಚ್ಚು ಬೇಕಾಗುತ್ತದೆ, ನಿಜ.

0.044 ಎಂದರೆ ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ ಶೇ. 4.4’ ಎಂದು ಓದುವುದು ಇನ್ನೊಂದು ಹಳೆಯ ತಪ್ಪು. ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಅದು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪ್ರತ್ಯೇಕ ಹೇಳಿಕೆ ಹೊರಡಿಸಿ ತಿದ್ದಬೇಕಾಗಿ ಬಂದಷ್ಟು ಈ ತಪ್ಪು ಹರಡಿದೆ. ವಯಸ್ಸು, ಲಿಂಗ, ವಿದ್ಯೆ, ಆದಾಯ ಇವನ್ನೆಲ್ಲ ಪ್ರಶ್ನಾವಳಿಯ ಪ್ರತಿ ಪ್ರಶ್ನೆಗೂ ಗಂಟುಹಾಕಿ ಇಪ್ಪತ್ತು ಪರೀಕ್ಷೆ ಮಾಡುವುದು ಮಗದೊಂದು. ಇಪ್ಪತ್ತರಲ್ಲಿ ಯಾವುದಕ್ಕೂ ಸಂಬಂಧವಿಲ್ಲದಿದ್ದರೂ, ಪರೀಕ್ಷೆಗಳು ಒಂದನ್ನೊಂದು ಅವಲಂಬಿಸದಿದ್ದರೆ, ಕನಿಷ್ಠ ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ ಶೇ. 64. ಆ ಒಂದೇ ಶೀರ್ಷಿಕೆಯಾಗುತ್ತದೆ.

ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದಾಗ ‘ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಗಿದೆ’ ಎಂದು ಬರೆಯುವುದನ್ನಂತೂ ನಿಲ್ಲಿಸಬೇಕು. ಸಾಕ್ಷ್ಯ ಸಾಲದೆ ಬಿಡುಗಡೆಯಾದವನನ್ನು ನಿರಪರಾಧಿ ಎಂದು ಮೆರವಣಿಗೆ ಮಾಡಿದಂತೆ ಅದು. 60ಕ್ಕೂ 50ಕ್ಕೂ ನಡುವಿನ ನಿಜವಾದ ಅಂತರವನ್ನು ನೂರಕ್ಕೆ ಎಂಬತ್ತು ಸಲವಾದರೂ ಹಿಡಿಯಬೇಕೆಂದರೆ, ಸರಳ ಯಾದೃಚ್ಛಿಕ ಆಯ್ಕೆಯಲ್ಲೇ ಪ್ರತಿ ಗುಂಪಿಗೆ ಸುಮಾರು 390 ಮನೆ ಬೇಕು. ತಲಾ 50 ಮನೆ ಕೇಳಿ ವ್ಯತ್ಯಾಸ ಕಾಣಲಿಲ್ಲ ಎಂದರೆ, ಕಾಣುವಷ್ಟು ಬೆಳಕೇ ಇರಲಿಲ್ಲ ಎಂದರ್ಥ. ತಲಾ ಒಂದು ಲಕ್ಷ ಕೇಳಿದರೆ ಅರ್ಧ ಶೇಕಡಾ ಅಂತರವೂ ‘ಗಮನಾರ್ಹ’ವಾಗುತ್ತದೆ, ಅದರಿಂದ ಯಾರ ಕೊಡವೂ ತುಂಬುವುದಿಲ್ಲ.

ಚುನಾವಣಾ ಸಮೀಕ್ಷೆಗಳನ್ನು ಇದೇ ಅಳತೆಗೋಲಿನಿಂದ ನೋಡಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕ್ಷೇತ್ರದ ಗೆಲುವಿನ ಅಂತರ 26 ಸಾವಿರದಷ್ಟು ಮತ, ಚಲಾವಣೆಯಾದ ಮತಗಳ ಸುಮಾರು ಶೇ. 2. ಒಂದೇ ಮಾದರಿಯಲ್ಲಿ ಇಬ್ಬರು ಅಭ್ಯರ್ಥಿಗಳ ಅಂತರ ಅಳೆಯುವಾಗ ಆಚೀಚೆಯ ಪ್ರಮಾಣ ಒಬ್ಬರ ಮತಪ್ರಮಾಣಕ್ಕಿರುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. 400 ಜನರನ್ನು ಕೇಳಿದರೆ ಅದು ಶೇ. 9.5. ಶೇ. 2ರ ಅಂತರವನ್ನು ಆಕಸ್ಮಿಕದಿಂದ ಬೇರ್ಪಡಿಸಿ ಹೇಳಬೇಕೆಂದರೆ ಈ ಒಂದೇ ಕ್ಷೇತ್ರದಲ್ಲಿ ಸುಮಾರು 9 ಸಾವಿರ ಮತದಾರರನ್ನು, ಅದೂ ಚೀಟಿ ಎತ್ತಿ, ಕೇಳಬೇಕಿತ್ತು. ಕ್ಷೇತ್ರಕ್ಕೆ ಇನ್ನೂರು ಮುನ್ನೂರು ಜನರನ್ನು ಕೇಳಿ ‘ಇಲ್ಲಿ ಇವರೇ’ ಎಂದು ಹೇಳಿದ ಸಮೀಕ್ಷೆ ಸರಿಯಾಗಿದ್ದರೆ ಅದಕ್ಕೆ ಕಾರಣ ಸಮೀಕ್ಷೆಯಲ್ಲ.

ಹಾಗಾದರೆ ಎಲ್ಲರನ್ನೂ ಕೇಳಿಬಿಟ್ಟರೆ? ರಾಜ್ಯದ ಸಾಮಾಜಿಕ ಸಮೀಕ್ಷೆ, ಜನಗಣತಿ ಎರಡೂ ಆ ಬಗೆಯವು. ಅಲ್ಲಿ ಆಕಸ್ಮಿಕದ ತಪ್ಪಿಲ್ಲ, ಆದ್ದರಿಂದ ಪಿ-ಮೌಲ್ಯಕ್ಕೆ ಕೆಲಸವೂ ಇಲ್ಲ. ಬಿಟ್ಟುಹೋದವರ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. 2025ರ ಸಮೀಕ್ಷೆಯಲ್ಲಿ ಮಾಹಿತಿ ಕೊಡುವುದು ಕಡ್ಡಾಯವಲ್ಲ ಎಂದು ಹೈಕೋರ್ಟ್ ಹೇಳಿದ ಮೇಲೆ, ಕೊಡದವರು ಕೊಟ್ಟವರಂತೆಯೇ ಇದ್ದಾರೆಯೇ ಎಂಬುದೇ ಫಲಿತಾಂಶದ ಗುಣಮಟ್ಟವನ್ನು ನಿರ್ಧರಿಸುತ್ತದೆ. ನಗರದ ಅನುಕೂಲಸ್ಥರು ಬಾಗಿಲು ತೆರೆಯದೆ, ಹಳ್ಳಿಯವರು ಎಲ್ಲರೂ ಉತ್ತರಿಸಿದ್ದರೆ ಒಟ್ಟು ಶೇಕಡಾವಾರು ಒಂದೇ ಕಡೆಗೆ ವಾಲಿರುತ್ತದೆ. 2011ರ ಜನಗಣತಿಯಲ್ಲಿ ಸಾವಿರಕ್ಕೆ 23 ಮಂದಿ ಬಿಟ್ಟುಹೋಗಿದ್ದರು. ಈ ಅಂಕಿ ಸಿಕ್ಕಿದ್ದು ಗಣತಿಯ ನಂತರ ಕೆಲವೇ ಪ್ರದೇಶಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿ ಮತ್ತೆ ಮನೆಮನೆಗೆ ಹೋಗಿ ನಡೆಸಿದ ಮಾದರಿ ಸಮೀಕ್ಷೆಯಿಂದ. ನೂರು ಕೋಟಿಗೂ ಮಿಕ್ಕಿದ ಜನರ ಪೂರ್ಣ ಎಣಿಕೆಯ ತಪ್ಪನ್ನು ಹಿಡಿದು ತೋರಿಸಿದ್ದು ಸಣ್ಣದೊಂದು ಮಾದರಿ.

ಬೀದಿಯಲ್ಲಿ ಈ ಬಿಟ್ಟುಹೋಗುವಿಕೆ ಹೇಗಿರುತ್ತದೆ ಎಂದರೆ, ಪ್ರತಿ ಹತ್ತನೆಯ ಮನೆ ಎಂಬ ನಿಯಮ ಹಿಡಿದು ಹೊರಟ ಹುಡುಗಿ ಮಧ್ಯಾಹ್ನ ಹನ್ನೆರಡಕ್ಕೆ ಆಜಾದ್ ನಗರದಲ್ಲಿ ಹತ್ತನೆಯ ಮನೆಗೆ ಬೀಗ ಕಂಡು, ಪಕ್ಕದ ಹನ್ನೊಂದನೆಯ ಮನೆಯ ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳಿ ನಮೂನೆ ತುಂಬುತ್ತಾಳೆ. ಹತ್ತನೆಯ ಮನೆಯವರು ದುಡಿಯಲು ಹೋಗಿದ್ದಾರೆ. ಹೀಗೆ ಹತ್ತು ಸಲ ಆದರೆ ಆ ಬೀದಿಯಲ್ಲಿ ದುಡಿಯುವವರೇ ಇಲ್ಲ ಎಂದು ಕೋಷ್ಟಕ ಹೇಳುತ್ತದೆ. ವಿದ್ಯಾರ್ಥಿಗಳನ್ನು ಕ್ಷೇತ್ರಕ್ಕೆ ಕಳುಹಿಸುವಾಗ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಅಂಕಣ ಬಿಡಿಸಿಕೊಳ್ಳಲು ಹೇಳುತ್ತೇನೆ: ಮನೆ ನಂಬರ್, ಹೋದ ಹೊತ್ತು, ಬೀಗ. ಅದೇ ಮನೆಗೆ ಸಂಜೆ ಒಮ್ಮೆ, ಭಾನುವಾರ ಒಮ್ಮೆ ಹೋಗಿ ಬರಬೇಕು, ಆಮೇಲೂ ಬೀಗವಿದ್ದರೆ ಬೀಗ ಎಂದೇ ಬರೆದು ಪ್ರಬಂಧದಲ್ಲಿ ಮುದ್ರಿಸಬೇಕು. ಈ ಸಲ ಒಬ್ಬಳ ಪುಸ್ತಕದಲ್ಲಿ ಒಂದು ಮನೆಯ ಮುಂದೆ ‘ಬೀಗ, ಬೀಗ’ ಎಂದು ಎರಡು ಸಲ ಬರೆದು, ಮೂರನೆಯದರಲ್ಲಿ ‘ಭಟ್ಟಿಗೆ ರಜಾ, ಸಿಕ್ಕರು, 40 ನಿಮಿಷ ಮಾತಾಡಿದರು’ ಎಂದಿತ್ತು.